ದಾಳದ ಆಟದಲ್ಲಿ ಲೆಕ್ಕ ಸೇರದ ಅಂಕಕ್ಕೆ ‘ಕಾಯಿ’, ಸೇರಿದ ಅಂಕಕ್ಕೆ ‘ಹಣ್ಣು’ ಅನ್ನಬಹುದೇ?

ಗೆಳೆಯರೇ, ನಮಸ್ಕಾರ.

ಐದು, ಆರನೇ ತರಗತಿಯ ಮಕ್ಕಳಿಗಾಗಿ ಪಿಗ್ ಅನ್ನುವ ದಾಳದ ಆಟದ ನಿಯಮಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದೇ ಪುಟ. ಆಟ ಸುಲಭ, ಪದಗಳು ಮಾತ್ರ ಅಷ್ಟು ಸುಲಭವಾಗಿ ಒದಗುತ್ತಿಲ್ಲ. ಅದಕ್ಕೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಆಟ ಹೇಳಿಬಿಡುತ್ತೇನೆ. ಬೇಕಾದ್ದು ಒಂದೇ ದಾಳ. ಸರದಿ ಬಂದವರು ದಾಳ ಹಾಕುತ್ತಾರೆ. 2ರಿಂದ 6ರವರೆಗೆ ಏನು ಬಿದ್ದರೂ ಕೂಡಿಸುತ್ತಾ ಹೋಗಬೇಕು. ಎಷ್ಟು ಸಲ ಬೇಕಾದರೂ ಹಾಕಬಹುದು. ತಾವಾಗಿ ನಿಲ್ಲಿಸಿದರೆ ಕೂಡಿಸಿದ್ದೆಲ್ಲ ಅವರ ಲೆಕ್ಕಕ್ಕೆ ಸೇರುತ್ತದೆ. ಅದಕ್ಕೂ ಮೊದಲೇ 1 ಬಿತ್ತೋ, ಆ ಸರದಿಯಲ್ಲಿ ಕೂಡಿಸಿದ್ದೆಲ್ಲ ಹೋಯಿತು, ದಾಳ ಮುಂದಿನವರ ಕೈಗೆ. ಹಿಂದಿನ ಸರದಿಗಳಲ್ಲಿ ಸೇರಿಸಿಕೊಂಡದ್ದನ್ನು ಯಾರೂ ಮುಟ್ಟುವ ಹಾಗಿಲ್ಲ. ಮೊದಲು 100 ಮುಟ್ಟಿದವರು ಗೆದ್ದಂತೆ. ಅಮೆರಿಕದ ಜಾದೂಗಾರ ಜಾನ್ ಸ್ಕಾರ್ನಿ 1945ರಲ್ಲೇ ಇದರ ನಿಯಮಗಳನ್ನು ಬರೆದಿಟ್ಟಿದ್ದಾರೆ.

ಕೆಲವು ಪದಗಳಿಗೆ ಹುಡುಕಾಟವೇ ಬೇಕಿಲ್ಲ. ‘ದಾಳ’ ಇದೆ. ಮಕ್ಕಳು ಡೈಸ್ ಅಂದರೂ ಗಣಿತದ ಪುಸ್ತಕದಲ್ಲಿ ಅವರು ಓದುವುದು ದಾಳ ಅಂತಲೇ. ಟರ್ನ್‌ಗೆ ‘ಸರದಿ’ ಸಾಕು, ಉತ್ತರ ಕರ್ನಾಟಕದವರು ‘ಪಾಳಿ’ ಅಂತ ಓದಿಕೊಂಡರೂ ಆಟ ಕೆಡುವುದಿಲ್ಲ. ಕ್ರಿಯಾಪದಕ್ಕೆ ‘ಉರುಳಿಸು’ ಅಂತ ಬರೆಯುವ ರೂಢಿ ಜಾಸ್ತಿ. ಅದು ಪತ್ರಿಕೆಯ ಕನ್ನಡ, ರಾಜಕಾರಣಿಗಳು ದಾಳ ಉರುಳಿಸುತ್ತಾರಲ್ಲ, ಹಾಗೆ. ಜಗಲಿಯ ಮೇಲೆ ಆಡಲು ಕೂತವರು ಹೇಳುವುದು ‘ಹಾಕು’ ಅಂತ. ನಾನು ‘ಹಾಕು’ ಇಟ್ಟುಕೊಂಡಿದ್ದೇನೆ.

‘ಗರ’ದ ವಿಷಯದಲ್ಲಿ ನನಗೆ ನಿಮ್ಮ ಅಭಿಪ್ರಾಯ ಬೇಕು. ಪಗಡೆ, ಚೌಕಾಬಾರ ಆಡಿದವರಿಗೆಲ್ಲ ಗೊತ್ತಿರುವ ಪದ ಇದು, ದಾಳವೋ ಕವಡೆಯೋ ಬಿದ್ದಾಗ ಬರುವ ಎಣಿಕೆ. (‘ಗರ ಬಡಿದ ಹಾಗೆ’ ಅನ್ನುವಲ್ಲಿನ ಗರ ಬೇರೆ, ಅದು ಗ್ರಹದಿಂದ ಬಂದದ್ದು.) ಆದರೆ ನಮ್ಮ ಮನೆಯಲ್ಲಿ ‘ಗರ ಬಿತ್ತು’ ಅಂದರೆ ಬೇಕಾದದ್ದು ಬಿತ್ತು ಅಂತಲೇ ಅರ್ಥ. ಚೌಕಾಬಾರದಲ್ಲಿ ನಾಲ್ಕು ಕವಡೆಯೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ 8. ಎರಡಕ್ಕೂ ಇನ್ನೊಂದು ಸಲ ಹಾಕುವ ಅವಕಾಶ ಸಿಗುತ್ತದೆ. ಇವು ಬಿದ್ದಾಗ ‘ಗರ!’ ಅಂತ ಕೂಗುತ್ತಿದ್ದೆವು. ಹಾಗಿದ್ದ ಮೇಲೆ ಪಿಗ್‌ನಲ್ಲಿ ಎಲ್ಲವನ್ನೂ ಕಳೆಯುವ 1 ಬಿದ್ದಾಗ ಅದನ್ನೂ ಗರ ಅನ್ನುವುದು ಸರಿಯೇ? ನನ್ನ ಕಿವಿಗೆ ಒಪ್ಪುವುದಿಲ್ಲ. 2ರಿಂದ 6 ಬಿದ್ದರೆ ಗರ, 1 ಬಿದ್ದರೆ ಬರೀ ‘ಒಂದು’ ಅಂತ ಬರೆದಿದ್ದೇನೆ. ನಿಮ್ಮ ಊರಲ್ಲಿ ಗರ ಅನ್ನುವುದಕ್ಕೆ ಒಳ್ಳೆಯದು, ಕೆಟ್ಟದ್ದು ಅನ್ನುವ ಭೇದ ಇಲ್ಲದಿದ್ದರೆ ದಯವಿಟ್ಟು ಹೇಳಿ.

ಈಗ ಮುಖ್ಯ ಪ್ರಶ್ನೆ. ಈ ಆಟದಲ್ಲಿ ಅಂಕ ಎರಡು ಬಗೆ. ಈ ಸರದಿಯಲ್ಲಿ ಕೂಡಿಸಿದ್ದು, ಇನ್ನೂ ಕಳೆದುಹೋಗಬಹುದಾದದ್ದು ಒಂದು. ಈಗಾಗಲೇ ಲೆಕ್ಕಕ್ಕೆ ಸೇರಿ ಭದ್ರವಾದದ್ದು ಇನ್ನೊಂದು. ‘ಸರದಿಯ ಒಟ್ಟು ಅಂಕ’, ‘ಆಟದ ಒಟ್ಟು ಅಂಕ’ ಅಂತ ಬರೆದರೆ ವ್ಯಾಕರಣ ಸರಿಯಿದೆ, ಆದರೆ ಆಡುವ ಮಗುವಿಗೆ ಎರಡೂ ಒಂದೇ ಥರ ಕೇಳಿಸುತ್ತದೆ. ‘ಜಮೆ’ ಅನ್ನೋಣ ಅಂತ ಹಿರಿಯರೊಬ್ಬರು ಸೂಚಿಸಿದರು. ಲೆಕ್ಕಪತ್ರ ಬರೆದವರಿಗೆ ಅದು ಚೆನ್ನಾಗಿಯೇ ಹೊಂದುತ್ತದೆ. ಹತ್ತು ವರ್ಷದ ಮಗು ಜಮೆ ಅನ್ನುವ ಮಾತನ್ನು ಆಟದ ಮಧ್ಯೆ ಬಾಯಿಬಿಟ್ಟು ಹೇಳುತ್ತದೆ ಅಂತ ನನಗನ್ನಿಸುವುದಿಲ್ಲ.

ಅದಕ್ಕೆ ಬೇಕಾದ ಪದಗಳು ನಮ್ಮ ಆಟದಲ್ಲೇ ಇವೆ ಅಲ್ವಾ? ಚೌಕಾಬಾರದಲ್ಲಿ ಸುತ್ತು ಹಾಕುತ್ತಿರುವುದು ಕಾಯಿ. ಅದನ್ನು ಎದುರಾಳಿ ಹೊಡೆಯಬಹುದು. ನಡುಮನೆ ಸೇರಿದ ಮೇಲೆ ಅದು ಹಣ್ಣು. ಹಣ್ಣಾದದ್ದನ್ನು ಯಾರೂ ಹೊಡೆಯುವಂತಿಲ್ಲ. ಕೈಲಿರುವ ಅಂಕ ಕಾಯಿ, ಲೆಕ್ಕ ಸೇರಿದ್ದು ಹಣ್ಣು ಅಂದುಬಿಟ್ಟರೆ ಪಿಗ್‌ನ ಅರ್ಧ ನಿಯಮ ಆ ಎರಡು ಪದಗಳಲ್ಲೇ ಬಂದುಹೋಗುತ್ತದೆ. “ನನ್ನ ಹತ್ತಿರ 18 ಕಾಯಿ ಇದೆ, ಹಣ್ಣು ಮಾಡಿಕೊಳ್ಳಲಾ, ಇನ್ನೊಂದು ಸಲ ಹಾಕಲಾ?” ಇದು ಮಗು ಆಡುವ ಮಾತು ಅನ್ನಿಸುತ್ತದೆ. ಹುಣಸೆ ಬೀಜ ಇಟ್ಟುಕೊಂಡು ಆಡಿಸಿದರೆ ಇನ್ನೂ ಒಳ್ಳೆಯದು. ಅಂಗೈಲಿರುವುದು ಕಾಯಿ, ಬಟ್ಟಲಿಗೆ ಹಾಕಿದ್ದು ಹಣ್ಣು.

‘ಹಣ್ಣು ಮಾಡು’ ಅಂತ ಬರೆದರೆ ತೊಡಕಿದೆ. ಸುತ್ತಿ ಸುತ್ತಿ ಹಣ್ಣಾದೆ ಅನ್ನುತ್ತೇವೆ, ಹೊಡೆದು ಹಣ್ಣು ಮಾಡಿದ ಅಂತಲೂ ಅನ್ನುತ್ತೇವೆ. ‘ಹಣ್ಣು ಮಾಡಿಕೊ’ ಅಂದಾಗ ಆ ನೆರಳು ಬೀಳುವುದಿಲ್ಲ. ‘ಕೊಳ್ಳು’ ಸೇರಿದ ಕೂಡಲೇ ತನಗಾಗಿ ಉಳಿಸಿಕೊಂಡ ಅನ್ನುವ ಅರ್ಥ ಬರುತ್ತದೆ. ತಾವಾಗಿ ನಿಲ್ಲಿಸುವುದಕ್ಕೆ ಇಂಗ್ಲಿಷಿನಲ್ಲಿ ಹೋಲ್ಡ್ ಅನ್ನುತ್ತಾರಲ್ಲ, ಅದಕ್ಕೆ ಹಾಳೆಯಲ್ಲಿ ಇದನ್ನೇ ಬಳಸಿದ್ದೇನೆ. ಆಡುವಾಗ ಬಾಯಲ್ಲಿ ‘ಸಾಕು’ ಅಂದರೆ ಆಯಿತು.

ಇಷ್ಟೊಂದು ಹಟ ಯಾಕೆ ಅಂದರೆ, ಈ ಆಟದ ಜಾಣತನವೆಲ್ಲ ಇರುವುದು ಈ ಎರಡರ ವ್ಯತ್ಯಾಸದಲ್ಲೇ. ಲೆಕ್ಕ ನೋಡಿ. ದಾಳಕ್ಕೆ ಆರು ಮುಖ. ಐದು ಮುಖ ಕೊಡುವುದು 2, 3, 4, 5, 6, ಕೂಡಿದರೆ 20. ಉಳಿದ ಒಂದು ಮುಖ ಕೈಲಿರುವ ಕಾಯಿಯಷ್ಟನ್ನೂ ಕಳೆಯುತ್ತದೆ. ಕೈಲಿ 20 ಇದ್ದರೆ ಬರುವುದೂ ಹೋಗುವುದೂ ಸಮ. 20ಕ್ಕಿಂತ ಕಡಿಮೆ ಇದ್ದರೆ ಇನ್ನೊಮ್ಮೆ ಹಾಕುವುದು ಲಾಭ, ಜಾಸ್ತಿ ಇದ್ದರೆ ನಿಲ್ಲಿಸುವುದು ಮೇಲು. ಹಾಳೆಯಲ್ಲಿ ಇದನ್ನು ‘ಇಪ್ಪತ್ತಕ್ಕೆ ಸಾಕು’ ಅಂತ ಬರೆದಿದ್ದೇನೆ. ಹಟ ಹಿಡಿದು ಹೀಗೇ ಆಡಿದರೂ ಪ್ರತಿ ಎಂಟು ಸರದಿಗಳಲ್ಲಿ ಸುಮಾರು ಐದು ಬರಿಗೈ ಆಗುತ್ತವೆ, ಸರಾಸರಿ ನೋಡಿದರೆ ಸರದಿಗೆ 8ಕ್ಕಿಂತ ಸ್ವಲ್ಪ ಜಾಸ್ತಿ ಹಣ್ಣು ಸಿಗುತ್ತದೆ. ಆ ಐದು ಸರದಿಗಳಿಗೆ ‘ನಷ್ಟ’ ಅಥವಾ ‘ಸೋಲು’ ಅಂತ ಬರೆಯಲು ನನಗೆ ಮನಸ್ಸಿಲ್ಲ. ಹಣ್ಣು ಒಂದೂ ಕಡಿಮೆಯಾಗಿಲ್ಲವಲ್ಲ. ‘ಕಾಯಿ ಉದುರಿತು’ ಅಂತ ಬರೆದಿದ್ದೇನೆ. ‘ಕಾಯಿ ಹೊಡೆದರು’ ಅನ್ನುವಂತಿಲ್ಲ, ಇಲ್ಲಿ ಹೊಡೆಯುವವರು ಯಾರೂ ಇಲ್ಲ.

ಇಪ್ಪತ್ತಕ್ಕೆ ಸಾಕು ಅನ್ನುವುದು ಒಳ್ಳೆಯ ಆಟವೇ, ಆದರೆ ಎಲ್ಲಕ್ಕಿಂತ ಒಳ್ಳೆಯದಲ್ಲ. ಎದುರಿನವರು 95ರಲ್ಲಿದ್ದಾಗ 20ಕ್ಕೆ ನಿಂತು ಏನು ಪ್ರಯೋಜನ? ಅಮೆರಿಕದ ಗೆಟ್ಟಿಸ್‌ಬರ್ಗ್ ಕಾಲೇಜಿನ ಟಾಡ್ ನೆಲ್ಲರ್, ಕ್ಲಿಫ್ಟನ್ ಪ್ರೆಸ್ಸರ್ ಇಬ್ಬರೂ ಇಬ್ಬರ ಪಿಗ್ ಆಟಕ್ಕೆ ಅತಿ ಒಳ್ಳೆಯ ಆಟ ಯಾವುದು ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ 2004ರಲ್ಲಿ ಪ್ರಕಟಿಸಿದರು. ಅದು ಬಾಯಿಪಾಠ ಮಾಡುವಂಥದ್ದಲ್ಲ. ಆಮೇಲೆ ಅವರೇ ಮನಸ್ಸಲ್ಲೇ ಹಾಕಬಹುದಾದ ಲೆಕ್ಕವೊಂದನ್ನು ಕೊಟ್ಟರು. ಇಬ್ಬರಲ್ಲಿ ಒಬ್ಬರಾದರೂ 71 ಮುಟ್ಟಿದ್ದರೆ ಗೆಲ್ಲುವ ತನಕ ಹಾಕುತ್ತಲೇ ಇರಿ. ಇಲ್ಲದಿದ್ದರೆ, ಎದುರಿನವರು ನಿಮಗಿಂತ ಎಷ್ಟು ಮುಂದಿದ್ದಾರೋ ಅದರ ಎಂಟನೇ ಒಂದು ಭಾಗವನ್ನು 21ಕ್ಕೆ ಸೇರಿಸಿ, ಅಷ್ಟಕ್ಕೆ ನಿಲ್ಲಿಸಿ. ಅವರದು 60, ನಿಮ್ಮದು 36 ಅಂದುಕೊಳ್ಳಿ. ವ್ಯತ್ಯಾಸ 24, ಅದರ ಎಂಟನೇ ಒಂದು 3, ನೀವು 24 ಕಾಯಿ ಆಗುವ ತನಕ ಹಾಕಬೇಕು. ನೀವೇ ಅಷ್ಟು ಮುಂದಿದ್ದರೆ 3 ಕಳೆದು 18ಕ್ಕೇ ಸಾಕು ಅನ್ನಬಹುದು. ಹಣ್ಣಿನ ವ್ಯತ್ಯಾಸ ನೋಡಿ ಕಾಯಿಯ ಮಿತಿ ಗೊತ್ತುಮಾಡು ಅಂದರೆ ಈ ಇಡೀ ಸೂತ್ರ ಒಂದೇ ಸಾಲಿನಲ್ಲಿ ಬರುತ್ತದೆ. ‘ಒಟ್ಟು ಅಂಕ’ ಹಿಡಿದುಕೊಂಡು ಇದನ್ನೇ ಬರೆದು ನೋಡಿ, ಮೂರು ಸಾಲಾದರೂ ತಿಳಿಯಾಗುವುದಿಲ್ಲ.

ಇದೇ ಜಾಗದಲ್ಲಿ ‘ಸಂಭವನೀಯತೆ’ ಅಂತ ಬರೆಯಲೇಬೇಕು ಅಂತ ಜೊತೆಗಿರುವ ಮೇಷ್ಟ್ರು ಹೇಳುತ್ತಾರೆ. ಪಠ್ಯದ ಪದ, ಮುಂದೆ ಬೇಕಾಗುತ್ತದೆ, ಒಪ್ಪುತ್ತೇನೆ. ಈ ವಯಸ್ಸಿಗೆ ‘ಆರರಲ್ಲಿ ಒಂದು ಸಲ’ ಅಂದರೆ ಸಾಕು ಅನ್ನುವುದು ನನ್ನ ನಿಲುವು.

ಒಂದು ಕಡೆ ನನ್ನ ಜೋಡಿಪದ ಕೈಕೊಡುತ್ತದೆ. ಪಿಗ್ ಅನ್ನು ಎರಡು ದಾಳ ಹಾಕಿಯೂ ಆಡುತ್ತಾರೆ. ಒಂದು ದಾಳದಲ್ಲಿ ಮಾತ್ರ 1 ಬಿದ್ದರೆ ಆ ಸರದಿಯ ಕಾಯಿ ಉದುರುತ್ತದೆ. ಎರಡರಲ್ಲೂ 1 ಬಿದ್ದರೆ ಅಲ್ಲಿಯವರೆಗೆ ಕೂಡಿಟ್ಟ ಹಣ್ಣೂ ಹೋಗಿ ಸೊನ್ನೆಯಿಂದ ಶುರು. 36 ಸಲ ಹಾಕಿದರೆ ಸರಾಸರಿ ಒಮ್ಮೆ ಹೀಗಾಗುತ್ತದೆ. ನಮ್ಮ ಚೌಕಾಬಾರದಲ್ಲಿ ಹಣ್ಣಾದದ್ದು ಮತ್ತೆ ಕಾಯಿಯಾಗುವುದೇ ಇಲ್ಲ. ಹಣ್ಣು ‘ಕೊಳೆಯಿತು’ ಅನ್ನಬಹುದೇನೋ, ಆದರೆ ಒಂದೇ ಏಟಿಗೆ ಎಲ್ಲ ಹೋಗುವ ಬಿರುಸು ಅದರಲ್ಲಿಲ್ಲ. ‘ತೋಟ ಹೋಯಿತು’ ಅಂತಲೂ ಯೋಚಿಸಿದೆ. ಪಗಡೆಯಲ್ಲೋ ಕವಡೆ ಆಟದಲ್ಲೋ ಗೆದ್ದದ್ದೆಲ್ಲ ಒಮ್ಮೆಗೇ ಹೋಗುವುದಕ್ಕೆ ನಿಮ್ಮ ಕಡೆ ಆಡುವ ಮಾತು ಇದ್ದರೆ, ಊರಿನ ಹೆಸರಿನ ಜೊತೆ ತಿಳಿಸಿ. ಅದು ಸಿಗುವವರೆಗೆ ಎರಡು ದಾಳದ ಆಟವನ್ನು ಹಾಳೆಗೆ ಸೇರಿಸುವುದಿಲ್ಲ.