ಚರಂಡಿ ಬಾಯಲ್ಲಿ ಮೀನು ಸಾಯ್ತಿರೋದು: ಸೋಮವಾರ ಬೆಳಿಗ್ಗೆ ಸ್ಯಾಂಪಲ್

ಕಾರ್ಯದರ್ಶಿ: ನಮ್ಮ ಬಡಾವಣೆಯ ಮಳೆನೀರು ಚರಂಡಿ ಕಾವೇರಿಗೆ ಬೀಳೋ ಜಾಗದಲ್ಲಿ ನಸುಕಿಗೆ ಮೀನುಗಳು ಮೇಲೆ ಬಂದು ಬಾಯಿ ಬಿಡ್ತಿವೆ. ದೊಡ್ಡವು ಸತ್ತು ತೇಲಿವೆ. ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ ಬರೀತಿದ್ದೀನಿ. ಜೊತೆಗೆ ಏನಿಡೋಣ? ಗಾಳ ಸಂಘದವರು ಹೇಳಿ.

ಎ-3: ಇದ್ರಲ್ಲಿ ಹೇಳೋದೇನಿದೆ ಸರ್, ಜನವರಿ ಅಂದ್ರೆ ಪಲ್ಪರ್ ನೀರು, ಕಾಫಿ ಹಣ್ಣು ಸುಲಿದು ತೊಳೆದ ನೀರು. ತೋಟದವರ ಮೇಲೆ ನೇರವಾಗಿ ಬರೀರಿ.

ಸಿ-7 (ಗಾಳ ಸಂಘ): ಈಗಲೇ ಯಾರ ಹೆಸರೂ ಬರೀಬೇಡಿ. ದೊಡ್ಡ ಮೀನು ಮೊದಲು, ಅದೂ ಬೆಳಗಾಗೋ ಹೊತ್ತಿಗೆ ಸತ್ತಿದ್ರೆ ಆಮ್ಲಜನಕದ ಕೊರತೆ. ಪಾಚಿ ರಾತ್ರಿಯಿಡೀ ಉಸಿರಾಡುತ್ತೆ, ಕೊಳಕನ್ನ ತಿನ್ನೋ ಬ್ಯಾಕ್ಟೀರಿಯಾನೂ ಅದೇ ಆಮ್ಲಜನಕ ಎಳೆಯುತ್ತೆ, ಸೂರ್ಯ ಹುಟ್ಟೋ ಮುಂಚೆ ತಳ ಮುಟ್ಟುತ್ತೆ. ಬ್ಲೀಚಿಂಗ್ ಪುಡಿ ಹಾಕಿದ್ರೆ ಸಣ್ಣದು ದೊಡ್ಡದು ಒಟ್ಟಿಗೇ ಸಾಯುತ್ತೆ, ಕಿವಿರು ಬಿಳಿಚಿಕೊಳ್ಳುತ್ತೆ. ತೋಟೆ (ಸಿಡಿಮದ್ದು) ಹಾಕಿದ್ರೆ ಹೊಟ್ಟೆಯೊಳಗಿನ ಗಾಳಿಚೀಲ ಒಡೆದಿರುತ್ತೆ, ಕೊಯ್ದು ನೋಡಿದ್ರೆ ಗೊತ್ತಾಗುತ್ತೆ.

ಇನ್ನು ಕೊಳಕು ಯಾರದು ಅಂತ. ಹುಳಿತ ಪಲ್ಪರ್ ನೀರಿನ ಪಿಎಚ್ (ಹುಳಿಯ ಅಳತೆ, ಕಡಿಮೆ ಇದ್ದಷ್ಟೂ ಹುಳಿ ಜಾಸ್ತಿ) 4ರ ಆಸುಪಾಸು, ಅಮೋನಿಯಾ ಕಡಿಮೆ. ಮನೆ ಕೊಳಚೆ ಆದ್ರೆ ಪಿಎಚ್ 7ರ ಹತ್ತಿರ, ಅಮೋನಿಯಾ ಜೋರು. ಆದರೆ ಸುಣ್ಣ ಹಾಕಿ ಪಿಎಚ್ ಏರಿಸಿ ಬಿಡೋರೂ ಇರ್ತಾರೆ. ಸುಣ್ಣಕ್ಕೆ ಹುಳಿ ಹೋಗುತ್ತೆ, ನೀರಲ್ಲಿ ಕರಗಿರೋ ಸಕ್ಕರೆ ಹೋಗಲ್ಲ. ಅದಕ್ಕೇ ಬಿಒಡಿ ಬೇಕೇಬೇಕು, ಅಂದ್ರೆ ಕೊಳಕನ್ನ ತಿನ್ನೋಕೆ ಬ್ಯಾಕ್ಟೀರಿಯಾ ಎಷ್ಟು ಆಮ್ಲಜನಕ ಎಳೆಯುತ್ತೆ ಅನ್ನೋ ಅಳತೆ.

ಡಿ-21: ಎಲ್ಲಿಂದ ಹಿಡೀಬೇಕು ಅಣ್ಣ? ನದಿ ಮಧ್ಯದಿಂದಲಾ?

ಸಿ-7 (ಗಾಳ ಸಂಘ): ಮಧ್ಯದಿಂದ ಬೇಡ, ಅಲ್ಲೇ ಎಲ್ಲರೂ ಎಡವೋದು. ಚರಂಡಿ ನೀರು ಬೇಗ ಬೆರೆಯಲ್ಲ, ದಡಕ್ಕೆ ಅಂಟಿಕೊಂಡೇ ಬಹಳ ದೂರ ಹೋಗುತ್ತೆ. ನಮ್ಮ ದಡದಲ್ಲೇ ಮೂರು ಕಡೆ ಹಿಡೀರಿ: ಚರಂಡಿಗಿಂತ 100 ಮೀಟರ್ ಮೇಲೆ, ಚರಂಡಿ ನೀರು ನದಿಗೆ ಬೀಳೋ ಮುಂಚೆ, 100 ಮೀಟರ್ ಕೆಳಗೆ. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಬನ್ನಿ, ಇಲ್ಲದಿದ್ರೆ ನಿಮ್ಮ ಕಾಲು ಕಲಕಿದ ಕೆಸರೇ ಬಾಟಲಿಗೆ ಬರುತ್ತೆ. ಹರಿವಿಗೆ ಮುಖ ಮಾಡಿ ನಿಂತು, ಒಂದಡಿ ಆಳದಲ್ಲಿ ತುಂಬಿಸಿ.

ಕರಗಿದ ಆಮ್ಲಜನಕವನ್ನ ದಡದಲ್ಲೇ ಕಟ್ಟಿಹಾಕಬೇಕು. 300 ಮಿ.ಲೀ. ಬಿಒಡಿ ಬಾಟಲಿ, ಗುಳ್ಳೆ ಏಳದ ಹಾಗೆ ತುಂಬಿ ಹೊರಚೆಲ್ಲಬೇಕು. ಮ್ಯಾಂಗನಸ್ ಸಲ್ಫೇಟ್ 2 ಮಿ.ಲೀ., ಆಲ್ಕಲಿ ಅಯೊಡೈಡ್ ಅಜೈಡ್ 2 ಮಿ.ಲೀ., ಪಿಪೆಟ್ ತುದಿ ನೀರೊಳಗೆ ಇಟ್ಟು ಹಾಕಿ, ಬಿರಡೆ ಹಾಕಿ ಬುಡಮೇಲು ಮಾಡಿ. ಕಂದು ಗಷ್ಟು ಕೂತರೆ ಆಮ್ಲಜನಕ ಇದೆ. ಬಿಳಿಯಾಗೇ ಉಳಿದ್ರೆ ಇಲ್ಲವೇ ಇಲ್ಲ ಅಂತ, ಆ ಬಾಟಲಿಯದೊಂದು ಫೋಟೋ ತೆಗೀರಿ. ಗಷ್ಟು ಅರ್ಧಕ್ಕಿಳಿದ ಮೇಲೆ ಗಂಧಕಾಮ್ಲ 2 ಮಿ.ಲೀ.; ಇದನ್ನ ಸಂಘದವರೇ ಹಾಕ್ತೀವಿ, ಕೈಗವಸು ಕನ್ನಡಕ ಇಲ್ಲದೆ ಯಾರೂ ಮುಟ್ಟಬೇಡಿ. ಟೈಟ್ರೇಷನ್, ಅಂದ್ರೆ ಆಮ್ಲಜನಕ ಎಷ್ಟಿದೆ ಅಂತ ಅಳೆಯೋದು, ಸಂಘದ ಕೋಣೆಯಲ್ಲಿ.

ಬಿ-12: ಲೀಟರಿಗೆ ಎಷ್ಟಿದ್ರೆ ಸರಿ ಅಂತ ಲೆಕ್ಕ?

ಸಿ-7 (ಗಾಳ ಸಂಘ): ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಡಿ' ದರ್ಜೆ, ಅಂದ್ರೆ ಮೀನು ಬದುಕೋ ನೀರಿಗೆ: ಆಮ್ಲಜನಕ 4 ಮಿ.ಗ್ರಾಂ. ಅಥವಾ ಹೆಚ್ಚು, ಪಿಎಚ್ 6.5ರಿಂದ 8.5, ಮುಕ್ತ ಅಮೋನಿಯಾ 1.2 ಮಿ.ಗ್ರಾಂ. ಒಳಗೆ. ಬಿಳಿಮೀನಿಗೆ (ಮಹಸೀರ್) 4 ಸಾಲದು ಅಂತ ನನ್ನ ಅಭಿಪ್ರಾಯ; ಅದು ಓಡೋ ತಿಳಿನೀರಿನ ಮೀನು. ಕಾವೇರಿಯ ಡುಬ್ಬದ ಬಿಳಿಮೀನು 2018ರಿಂದ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಐಯುಸಿಎನ್‌ನ ತೀವ್ರ ಅಳಿವಿನಂಚಿನ ಪಟ್ಟಿಯಲ್ಲಿದೆ, ಅರ್ಜಿಯಲ್ಲಿ ಅದನ್ನೂ ಸೇರಿಸಿ.

ಎ-3: ಭಾನುವಾರ ಎಲ್ಲರಿಗೂ ರಜೆ, ಅವತ್ತೇ ಮಾಡೋಣ.

ಕಾರ್ಯದರ್ಶಿ: ಭಾನುವಾರ ಲ್ಯಾಬ್ ಇರಲ್ಲ. ಬಿಒಡಿ ಸ್ಯಾಂಪಲ್ಲು ಐಸಲ್ಲಿಟ್ಟು ಅವತ್ತೇ ಕೊಡಬೇಕು, 27 ಡಿಗ್ರಿಯಲ್ಲಿ 3 ದಿನ ಇಡ್ತಾರೆ. ಸೋಮವಾರ ಕೊಟ್ರೆ ಗುರುವಾರ ಎಣಿಸಬಹುದು.

ಇ-5: ಒಂದು ಮಾತು. ಮಳೆ ಇಲ್ಲದ ತಿಂಗಳಲ್ಲಿ ಮಳೆನೀರು ಚರಂಡಿ ಒಣಗಿರಬೇಕಲ್ವಾ? ನಮ್ಮದು ದಿನವೂ ಹರೀತಿದೆ.

ಸಿ-7 (ಗಾಳ ಸಂಘ): ಸರಿಯಾಗಿ ಹಿಡಿದ್ರಿ ಮೇಡಂ. ಯಾವುದೋ ಇಂಗುಗುಂಡಿ ತುಂಬಿ ಅಲ್ಲಿಗೆ ಹೋಗ್ತಿದೆ, ಇಲ್ಲಾ ಯಾರೋ ವಾಷಿಂಗ್ ಮೆಷಿನ್ ಪೈಪ್ ಕೊಟ್ಟಿದ್ದಾರೆ. ಬೆಳಿಗ್ಗೆ ಏಳಕ್ಕೆ ಒಂದೊಂದೇ ಚೇಂಬರ್ ಮುಚ್ಚಳ ಎತ್ತಿ ನೋಡ್ತಾ ಬಂದ್ರೆ ಯಾವ ಅಡ್ಡರಸ್ತೆಯಿಂದ ಅಂತ ಸಿಗುತ್ತೆ. ಅನುಮಾನ ಬಂದ ಮನೆ ಕಮೋಡಿಗೆ ಅಡುಗೆ ಬಣ್ಣ ಹಾಕಿ ಫ್ಲಶ್ ಮಾಡಿ ನೋಡಬಹುದು. ಗುಂಡಿ ತುಂಬಿದ್ರೆ ಬಣ್ಣ ಬರೋದು ನಿಧಾನ, ಗಂಟೆಗಟ್ಟಲೆ ಕಾಯಿರಿ.

ಎ-3: ಅಂದ್ರೆ ನಮ್ಮದೇ ಕೊಳಕಾ?

ಸಿ-7 (ಗಾಳ ಸಂಘ): ಎರಡೂ ಇರಬಹುದು ಸರ್. ಚರಂಡಿಗಿಂತ ಮೇಲಿನ ಬಾಟಲಿಯಲ್ಲೇ ಬಿಒಡಿ ಜಾಸ್ತಿ ಬಂದ್ರೆ ಮೇಲಿನವರದ್ದೂ ಪಾಲಿದೆ.

ಕಾರ್ಯದರ್ಶಿ: ಕಾನೂನಿನ ಕಡೆ: ನಮ್ಮ ಫಲಿತಾಂಶ ಕೋರ್ಟಿಗೆ ಸಾಕ್ಷಿ ಆಗಲ್ಲ. 1974ರ ಜಲ ಕಾಯ್ದೆಯ 21ನೇ ಕಲಂ ಪ್ರಕಾರ ಮಂಡಳಿಯವರೇ ನೋಟಿಸ್ ಕೊಟ್ಟು, ಎರಡು ಭಾಗ ಮಾಡಿ, ಸೀಲ್ ಹಾಕಿ ಒಯ್ಯಬೇಕು. ಹಾಗಾಗಿ ಅರ್ಜಿಯಲ್ಲಿ "ಕ್ರಮ ಕೈಗೊಳ್ಳಿ" ಅಂತಷ್ಟೇ ಬರೆಯಲ್ಲ, "ಬೆಳಿಗ್ಗೆ 6ರೊಳಗೆ ಈ ಮೂರು ಜಾಗದಲ್ಲಿ ಸ್ಯಾಂಪಲ್ ತೆಗೆಯಿರಿ" ಅಂತ ಬರೀತೀನಿ. ಮಧ್ಯಾಹ್ನ ಬಂದು ತೆಗೆದ್ರೆ ಪಾಚಿ ಬಿಸಿಲಿಗೆ ಆಮ್ಲಜನಕ ಬಿಟ್ಟಿರುತ್ತೆ, ಎಲ್ಲ ಸರಿಯಿದೆ ಅಂತ ವರದಿ ಬರುತ್ತೆ.

ಡಿ-21: ಗಾಳ ಹಾಕೋರು ಅಲ್ಲಿವರೆಗೂ ನಿಲ್ಲಿಸ್ತೀರಾ?

ಸಿ-7 (ಗಾಳ ಸಂಘ): ಇವತ್ತಿಂದಲೇ ನಿಲ್ಲಿಸಿದ್ದೀವಿ. ಹಿಡಿದು ಬಿಟ್ರೂ ಸೆಣಸಿ ಸುಸ್ತಾದ ಮೀನು ಈ ನೀರಲ್ಲಿ ಸುಧಾರಿಸಿಕೊಳ್ಳಲ್ಲ. ಸೋಮವಾರ 5:30ಕ್ಕೆ ಗೇಟ್ ಹತ್ರ ಆರು ಜನ ಸಾಕು. ಬಾಟಲಿ, ಪಿಎಚ್ ಕಾಗದ, ಅಮೋನಿಯಾ ಕಿಟ್ ನಮ್ಮದು.

ಇ-5: ಐಸ್ ಬಾಕ್ಸ್ ನಮ್ಮ ಮನೇಲಿದೆ. ಐಸ್ ಯಾರಾದ್ರೂ ತನ್ನಿ.