ಹೊಸ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ವೈ-ಫೈ ಪದೇ ಪದೇ ಕಡಿದುಹೋಗುತ್ತಿದೆ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಮನೆಯಿಂದ ಕೆಲಸ ಮಾಡಲೆಂದು ವಿಂಡೋಸ್ 11 ಇರುವ ಹೊಸ ಲ್ಯಾಪ್‌ಟಾಪ್ ಕೊಂಡಿದ್ದೇನೆ. ನಮ್ಮದು ಪುತ್ತೂರಿನ ಹತ್ತಿರ ಮುರಕಲ್ಲಿನ ಹಳೆಯ ಮನೆ. ರೂಟರ್ ಕೆಳಗೆ ಚಾವಡಿಯಲ್ಲಿದೆ, ನಾನು ಕುಳಿತುಕೊಳ್ಳುವುದು ಮಹಡಿಯ ಕೋಣೆಯಲ್ಲಿ. ಕೆಲಸ ಶುರು ಮಾಡಿದ ಸ್ವಲ್ಪ ಹೊತ್ತಿಗೆ ವೇಗ ಕುಸಿದು ವಿಡಿಯೋ ಸಭೆ ನಿಂತುಹೋಗುತ್ತದೆ. ವೈ-ಫೈ ಗೆರೆಗಳು ಆಗಲೂ ಚೆನ್ನಾಗಿಯೇ ಕಾಣುತ್ತವೆ. ಅದೇ ಕೋಣೆಯಲ್ಲಿ ಮೊಬೈಲ್‌ಗೆ ಯಾವ ತೊಂದರೆಯೂ ಇಲ್ಲ. ರೂಟರ್ ಆರಿಸಿ ಹಾಕಿದ್ದಾಯಿತು, ಡ್ರೈವರ್ ಕೂಡ ಹೊಸದಾಗಿದೆ. ವೈ-ಫೈ ಕಾರ್ಡೇ ಕೆಟ್ಟಿದೆಯೇ? ಲ್ಯಾಪ್‌ಟಾಪ್ ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ ತಿಳಿಯಬೇಕಾಗಿದೆ.

ಉತ್ತರ:
ಹಿಂದಿರುಗಿಸುವ ಮಾತು ಸದ್ಯಕ್ಕೆ ಬೇಡ. ಮೊದಲು ಯಾವ ಕೊಂಡಿ ಕಡಿಯುತ್ತಿದೆ ಎಂದು ನೋಡೋಣ. ಕಮಾಂಡ್ ಪ್ರಾಂಪ್ಟ್‌ನಲ್ಲಿ ರೂಟರ್‌ನ ವಿಳಾಸಕ್ಕೆ (ಸಾಮಾನ್ಯವಾಗಿ 192.168.1.1 ಅಥವಾ 192.168.0.1) ಪಿಂಗ್ ಮಾಡಿ (ಅಂದರೆ ಚಿಕ್ಕ ಸಂದೇಶ ಕಳಿಸಿ ಉತ್ತರ ಬರುತ್ತದೆಯೇ ನೋಡಿ), ಇನ್ನೊಂದು ಕಿಟಕಿಯಲ್ಲಿ ಹೊರಗಿನ ಇಂಟರ್ನೆಟ್ಟಿನಲ್ಲಿರುವ ಗೂಗಲ್ ವಿಳಾಸ 8.8.8.8ಕ್ಕೆ ಮಾಡಿ. ರೂಟರ್ ಸರಿಯಾಗಿ ಉತ್ತರಿಸಿ ಎರಡನೆಯದು ಮಾತ್ರ ತಪ್ಪಿದರೆ ದೋಷ ಹೊರಗಿನ ಸಂಪರ್ಕದ್ದು. ರೂಟರ್‌ನ ಉತ್ತರವೇ ತಪ್ಪಿದರೆ ನಿಮ್ಮ ಕೋಣೆಗೂ ಚಾವಡಿಗೂ ನಡುವೆ ಹುಡುಕಬೇಕು. ಸೆಟ್ಟಿಂಗ್ಸ್‌ನಲ್ಲಿ ವೈ-ಫೈ ಪ್ರಾಪರ್ಟೀಸ್ ತೆರೆದರೆ ಬ್ಯಾಂಡ್ (ವೈ-ಫೈ ಬಳಸುವ ರೇಡಿಯೋ ತರಂಗಗಳ ಪಟ್ಟಿ), ಚಾನೆಲ್ (ಆ ಪಟ್ಟಿಯೊಳಗಿನ ಒಂದು ಭಾಗ) ಎರಡೂ ಸಿಗುತ್ತವೆ, ಅವನ್ನೂ ತಿಳಿಸಿ. ಲ್ಯಾಪ್‌ಟಾಪ್‌ಗೆ ಏನೇನು ಚುಚ್ಚಿದ್ದೀರಿ ಎನ್ನುವುದನ್ನೂ ಮರೆಯದೆ ಹೇಳಿ.

ಪ್ರಶ್ನೆ ಕೇಳಿದವರು:
ರೂಟರ್‌ನ ಉತ್ತರವೇ ತಪ್ಪುತ್ತಿದೆ. ಬ್ಯಾಂಡ್ 2.4 ಗಿಗಾಹರ್ಟ್ಸ್, ಚಾನೆಲ್ 6. ಮಹಡಿಯಲ್ಲಿ 5 ಗಿಗಾಹರ್ಟ್ಸ್ ಸಿಗುವುದೇ ಇಲ್ಲ. ಲ್ಯಾಪ್‌ಟಾಪ್‌ನಲ್ಲಿ ಎರಡೇ ಕಿಂಡಿಗಳಿರುವುದರಿಂದ ಯುಎಸ್‌ಬಿ ಹಬ್ ಒಂದನ್ನು ಹಾಕಿ, ಅದಕ್ಕೆ ಬ್ಯಾಕಪ್ ಹಾರ್ಡ್ ಡಿಸ್ಕ್, ವೈರ್‌ಲೆಸ್ ಮೌಸ್‌ನ ರಿಸೀವರ್ ಜೋಡಿಸಿದ್ದೇನೆ. ಮೌಸ್ ಕೂಡ ಆಗಾಗ ತಡವರಿಸುತ್ತದೆ, ಬ್ಯಾಟರಿ ಬದಲಿಸಬೇಕೇನೋ.

ಉತ್ತರ:
ಬ್ಯಾಟರಿ ಬದಲಿಸಬೇಡಿ, ಆ ಮೌಸ್ ನಮಗೆ ದಾರಿ ತೋರಿಸುತ್ತಿದೆ! ಅಂಥ ರಿಸೀವರ್ ಇರುವ ಮೌಸ್ ಕೆಲಸ ಮಾಡುವುದೂ 2.4 ಗಿಗಾಹರ್ಟ್ಸ್‌ನಲ್ಲಿಯೇ. ಎರಡೂ ಒಟ್ಟಿಗೆ ಸೊರಗುತ್ತಿವೆ ಎಂದರೆ ಆ ಬ್ಯಾಂಡ್‌ನಲ್ಲಿ ಯಾವುದೋ ಗದ್ದಲವಿದೆ. ನನ್ನ ಅನುಮಾನ ಹಬ್ ಮತ್ತು ಡಿಸ್ಕ್ ಮೇಲೆ. ಯುಎಸ್‌ಬಿ 3.0 ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಮಾಹಿತಿ ಸಾಗಿಸುವಾಗ ಅದರ ತಂತಿ, ಕನೆಕ್ಟರ್‌ಗಳಿಂದ ಸೋರುವ ರೇಡಿಯೋ ಗದ್ದಲ 2.4 ಗಿಗಾಹರ್ಟ್ಸ್ ಬ್ಯಾಂಡ್ ಮೇಲೂ ಬೀಳುತ್ತದೆ. ಇಂಟೆಲ್ ಸಂಸ್ಥೆ 2012ರಲ್ಲೇ ಇದನ್ನು ಅಳೆದು ಪ್ರಕಟಿಸಿದೆ. ಹತ್ತಿರವಿದ್ದಷ್ಟೂ ಹಾವಳಿ ಹೆಚ್ಚು. ಆದ್ದರಿಂದಲೇ ಹಬ್ ಮತ್ತು ಡಿಸ್ಕಿನಿಂದ ದೂರದಲ್ಲಿರುವ ನಿಮ್ಮ ಮೊಬೈಲ್‌ಗೆ ಅದು ತಟ್ಟುತ್ತಿಲ್ಲ.

ಗೆರೆಗಳನ್ನು ನಂಬಬೇಡಿ. ರೂಟರ್‌ನ ಸಂಕೇತ ಎಷ್ಟು ಬಲವಾಗಿ ತಲುಪುತ್ತಿದೆ ಎಂದಷ್ಟೇ ಅವು ತೋರಿಸುತ್ತವೆ, ಅದರ ಮೇಲೆ ಎಷ್ಟು ಗದ್ದಲ ಬಿದ್ದಿದೆ ಎಂಬುದನ್ನಲ್ಲ.

ಪರೀಕ್ಷೆ ಸುಲಭ. ಪಿಂಗ್ ಓಡುತ್ತಿರುವಾಗಲೇ ಡಿಸ್ಕ್‌ಗೆ ದೊಡ್ಡ ಕಡತವೊಂದನ್ನು ನಕಲು ಮಾಡಿ ನೋಡಿ. ಆಮೇಲೆ ಡಿಸ್ಕನ್ನು ‘ಇಜೆಕ್ಟ್’ ಮಾಡಿ, ಹಬ್‌ ಸಮೇತ ತೆಗೆದು ಮತ್ತೆ ನೋಡಿ. ಬೇರೆ ಯಾವ ಸೆಟ್ಟಿಂಗನ್ನೂ ಈಗ ಮುಟ್ಟಬೇಡಿ. ಒಂದೇ ಸಲಕ್ಕೆ ನಾಲ್ಕು ಬದಲಾವಣೆ ಮಾಡಿದರೆ ಗುಣವಾದದ್ದು ಯಾವುದರಿಂದ ಎಂದು ತಿಳಿಯುವುದೇ ಇಲ್ಲ.

ಪ್ರಶ್ನೆ ಕೇಳಿದವರು:
ನಿಮ್ಮ ಊಹೆ ನಿಜವಾಯಿತು. ನಕಲು ನಡೆಯುವಾಗ ಪಿಂಗ್ ಅರ್ಧಕ್ಕರ್ಧ ತಪ್ಪಿತು, ಹಬ್ ತೆಗೆದ ಕೂಡಲೇ ಒಂದೂ ತಪ್ಪಲಿಲ್ಲ. ಮೌಸ್ ರಿಸೀವರನ್ನು ನೇರವಾಗಿ ಲ್ಯಾಪ್‌ಟಾಪ್‌ಗೆ ಹಾಕಿದ್ದೇನೆ, ಅದೂ ಸರಿಯಾಗಿದೆ. ಬೆಳಿಗ್ಗೆ ತಾನಾಗಿಯೇ ನಡೆಯುವ ಬ್ಯಾಕಪ್ ಇದಕ್ಕೆಲ್ಲ ಕಾರಣವೆಂದು ಈಗ ಹೊಳೆಯಿತು. ಆದರೆ ಡಿಸ್ಕ್ ನನಗೆ ಬೇಕೇ ಬೇಕು, ಏನು ಮಾಡಲಿ?

ಉತ್ತರ:
ಬ್ಯಾಕಪ್ ಸಮಯವನ್ನು ಕೆಲಸ ಮುಗಿದ ಮೇಲಕ್ಕೆ ಬದಲಿಸಿಕೊಳ್ಳಿ. ಒಳ್ಳೆಯ ಕವಚವಿರುವ ಒಂದು ಮೀಟರ್ ಕೇಬಲ್ ತಂದು ಹಬ್ ಮತ್ತು ಡಿಸ್ಕನ್ನು ಲ್ಯಾಪ್‌ಟಾಪ್‌ನಿಂದ ದೂರವಿಡಿ. ಅಗ್ಗದ ಕೇಬಲ್ ಬೇಡ, ಸೋರಿಕೆ ಅದರಲ್ಲೇ ಜಾಸ್ತಿ.

ಶಾಶ್ವತವಾಗಿ ಪಾರಾಗಬೇಕಾದರೆ 5 ಗಿಗಾಹರ್ಟ್ಸ್‌ಗೆ ಹೋಗಬೇಕು. ದಪ್ಪ ಮುರಕಲ್ಲಿನ ಗೋಡೆ ದಾಟಿ ಅದು ಮಹಡಿಗೆ ಬರುವುದು ಕಷ್ಟ. ಗೋಡೆಗೆ ಅಂಟಿಸಿ ಲ್ಯಾನ್ ಕೇಬಲ್ ಒಂದನ್ನು ಮೇಲಕ್ಕೆ ಎಳೆಸಿ (100 ಮೀಟರ್‌ವರೆಗೆ ಚಿಂತೆಯಿಲ್ಲ), ಕೋಣೆಯಲ್ಲಿ ಎರಡೂ ಬ್ಯಾಂಡ್ ಇರುವ ಆಕ್ಸೆಸ್ ಪಾಯಿಂಟ್ (ಕೇಬಲಿನಿಂದ ಬಂದ ಸಂಪರ್ಕವನ್ನು ವೈ-ಫೈ ಆಗಿ ಹರಡುವ ಪೆಟ್ಟಿಗೆ) ಹಾಕಿಸಿಕೊಳ್ಳಿ. ಸಭೆಗಳೇ ಮುಖ್ಯವಾದರೆ ಅದೇ ಕೇಬಲನ್ನು ನೇರವಾಗಿ ಲ್ಯಾಪ್‌ಟಾಪ್‌ಗೇ ಕೊಡಬಹುದು. ಲ್ಯಾನ್ ಕಿಂಡಿ ಇದೆಯೇ ನೋಡಿ ಹೇಳಿ, ಇಲ್ಲದಿದ್ದರೆ ಅಡಾಪ್ಟರ್ ಬೇಕಾಗುತ್ತದೆ.