ಅಪ್‌ಡೇಟ್: ಮನೆ ಮುಂದೆ ನಿಂತ ಕಾರಿಗೆ ಬಂದ ದಂಡ

ಹೋದ ವಾರ ಕೇಳಿದ್ದೆನಲ್ಲ, ಇಂಗ್ಲೆಂಡಿನಲ್ಲಿ ನಮ್ಮ ಡ್ರೈವ್‌ವೇನಲ್ಲಿ ಸುಮ್ನೆ ನಿಂತಿದ್ದ ಕಾರಿಗೆ 80 ಪೌಂಡ್ ದಂಡ ಬಂದಿದೆ ಅಂತ? ತೆರಿಗೆ ಮುಗಿದಿತ್ತು, ಸಾರ್ನ್ (ಕಾರು ರಸ್ತೆಗಿಳಿಯಲ್ಲ ಅಂತ ಸರ್ಕಾರಕ್ಕೆ ಕೊಡುವ ಘೋಷಣೆ) ಮಾಡಿರಲಿಲ್ಲ. ಮೈಸೂರಿಗೆ ಹೋಗಿದ್ದೆ, ಪತ್ರ ನೋಡಲಿಲ್ಲ ಅಂತ ವಾದಿಸೋಣ ಅಂದುಕೊಂಡಿದ್ದೆ. ಬಿಟ್ಟೆ. ತಪ್ಪು ನನ್ನದೇ, ಅಲ್ವಾ?

33 ದಿನದೊಳಗೆ ಕಟ್ಟಿದರೆ ಅರ್ಧ ಅಂತ ದಂಡದ ಪತ್ರದಲ್ಲೇ ಇತ್ತು. 40 ಕಟ್ಟಿದೆ. ಸಾರ್ನ್ ಮಾಡೋಕೆ ಲಾಗ್‌ಬುಕ್, ಅಂದ್ರೆ ಕಾರಿನ ನೋಂದಣಿ ಪತ್ರ, ಹುಡುಕೋದೇ ದೊಡ್ಡ ಕೆಲಸವಾಯ್ತು. ಕೊನೆಗೆ ಮಸಾಲೆ ಡಬ್ಬಿಗಳ ಹಿಂದೆ ಸಿಕ್ಕಿತು! ಅದರಲ್ಲಿರುವ 11 ಅಂಕಿಯ ನಂಬರ್ ಹಾಕಿ ಆನ್‌ಲೈನಲ್ಲಿ ಸಾರ್ನ್ ಮಾಡಿದೆ. ಅದಕ್ಕೆ ದುಡ್ಡಿಲ್ಲ, ಪ್ರತಿ ವರ್ಷ ಮತ್ತೆ ಮಾಡಬೇಕಾಗಿಯೂ ಇಲ್ಲ. ಆದರೆ ಹಿಂದಿನ ತಾರೀಖಿನಿಂದ ಮಾಡಲು ಬಿಡಲ್ಲ.

ಇನ್ನು ಮೊದಲೇ ಬುಕ್ ಮಾಡಿದ ಎಂಒಟಿ (ಕಾರು ರಸ್ತೆಗೆ ಸುರಕ್ಷಿತವೇ ಅಂತ ನೋಡುವ ತಪಾಸಣೆ) ಅಥವಾ ಅಂಥ ಬೇರೆ ಪರೀಕ್ಷೆಗಲ್ಲದೆ ಕಾರನ್ನು ರಸ್ತೆಗಿಳಿಸುವಂತಿಲ್ಲ. ಇಳಿಸೋದೆಲ್ಲಿ, ಬ್ಯಾಟರಿಯೇ ಸತ್ತಿದೆ.